ಒಂದೇ ಊಟದ ಪಟ್ಟಿ ಎಲ್ಲ ಹುಡುಗಿಯರಿಗೂ ಆಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮುಟ್ಟಿನ ಏರುಪೇರಿಗೆ ಪರಿಹಾರ ಎಂದು ಒಂದು ಊಟದ ಪಟ್ಟಿ ಬಂದಿತ್ತು. ಬೆಳಿಗ್ಗೆ ಮೆಂತ್ಯ ನೆನೆಸಿದ ನೀರು, ಹತ್ತು ಗಂಟೆಗೆ ಒಂದು ಹಣ್ಣು, ಮಧ್ಯಾಹ್ನ ಸೌತೆಕಾಯಿ ಕೋಸಂಬರಿ, ಸಂಜೆ ಗ್ರೀನ್ ಟೀ, ರಾತ್ರಿ ತರಕಾರಿ ಸೂಪು. ಅನ್ನ, ಮುದ್ದೆ, ಹಾಲು, ಬೆಲ್ಲದ ಹತ್ತಿರ ಹೋಗಬಾರದು. ಅಡುಗೆಗೆ ಪಿಂಕ್ ಸಾಲ್ಟ್ ಮಾತ್ರ ಬಳಸಬೇಕು. ಮೂರು ವಾರ ಹೀಗೆ ಮಾಡಿದರೆ ಹಾರ್ಮೋನು ಸಮತೋಲನಕ್ಕೆ ಬರುತ್ತದೆ, ಮುಟ್ಟು ಸರಿಹೋಗುತ್ತದೆ ಎಂದು ಬರೆದಿದ್ದರು. ಎಷ್ಟು ವಯಸ್ಸಿನವರಿಗೆ, ಎಷ್ಟು ತೂಕದವರಿಗೆ, ದಿನವಿಡೀ ಕೂತು ಓದುವವರಿಗೋ ಬಿಸಿಲಲ್ಲಿ ದುಡಿಯುವವರಿಗೋ ಎಂಬುದು ಎಲ್ಲೂ ಇರಲಿಲ್ಲ.

ನಾನು ಅರಸೀಕೆರೆ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಮೂರು ದಶಕ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದವಳು. ಖೋ ಖೋ, ಕಬಡ್ಡಿ, ಓಟ ಕಲಿಸಿದ್ದೇನೆ. ಮನೆಯಲ್ಲಿ ಹೇಳಲಾಗದ್ದನ್ನು ಹುಡುಗಿಯರು ಪಿಟಿ ಮಿಸ್ ಹತ್ತಿರ ಹೇಳುತ್ತಾರೆ. ಮುಟ್ಟಿನ ವಿಷಯವಂತೂ ಮೊದಲು ನಮ್ಮ ಕಿವಿಗೇ ಬೀಳುತ್ತದೆ. ಆ ಅನುಭವದಿಂದ ಹೇಳುತ್ತೇನೆ, ಈ ಪಟ್ಟಿ ಓದಿ ನನಗೆ ಭಯವಾಯಿತು.

ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗಿ 1500 ಮತ್ತು 3000 ಮೀಟರ್ ಓಡುತ್ತಿದ್ದಳು. ತಾಲ್ಲೂಕು ದಾಟಿ, ಜಿಲ್ಲೆ ದಾಟಿ, ವಿಭಾಗ ಮಟ್ಟಕ್ಕೆ ಹೋದವಳು. ಜನವರಿಯಲ್ಲಿ ಒಂದು ಸಂಜೆ ಅವಳ ತಾಯಿ ಮೈದಾನಕ್ಕೇ ಬಂದರು. ಸೆರಗು ಬಾಯಿಗೆ ಹಿಡಿದುಕೊಂಡು, ‘ದಸರಾ ಆದ್ಮೇಲೆ ಇವ್ಳು ಮುಟ್ಟಾಗಿಲ್ಲ ಮೇಡಂ, ಓಟ ಬಿಡ್ಸಿಬಿಡಿ’ ಅಂದರು. ಓಡಿ ಓಡಿ ಗರ್ಭಕೋಶ ಜಾರಿದೆ ಎಂದು ಬೀದಿಯಲ್ಲಿ ಯಾರೋ ಹೇಳಿದ್ದರಂತೆ. ಮುಂದೆ ಮದುವೆ, ಮಕ್ಕಳು ಅಂತ ಅವರಿಗೆ ದಿಗಿಲು.

ಜಿಲ್ಲಾ ಆಸ್ಪತ್ರೆಗೆ ಮೂವರೂ ಹೋದೆವು. ಡಾಕ್ಟರಮ್ಮ ಮೊದಲು ಮೂತ್ರ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಪರೀಕ್ಷೆ ಎಲ್ಲ ಮಾಡಿಸಿದರು. ಎಲ್ಲ ಸರಿಯಾಗಿತ್ತು. ಆಮೇಲೆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದೆ ಬರಿ ಎಂದು ಒಂದು ಚೀಟಿ ಕೊಟ್ಟರು. ಅವಳು ಬರೆದದ್ದು ಇಷ್ಟು: ಐದು ಗಂಟೆಗೆ ಕಾಫಿ, ಎರಡು ಬಿಸ್ಕತ್ತು. ಎಂಟಕ್ಕೆ ಒಂದು ಸೌಟು ಉಪ್ಪಿಟ್ಟು. ಮಧ್ಯಾಹ್ನ ಬಿಸಿಯೂಟದಲ್ಲಿ ಅರ್ಧ ತಟ್ಟೆ ಅನ್ನ, ಸಾಂಬಾರು. ರಾತ್ರಿ ಅರ್ಧ ಮುದ್ದೆ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಓಟ. ಯಾಕಮ್ಮ ಎಲ್ಲಾ ಅರ್ಧರ್ಧ ಎಂದು ಕೇಳಿದರೆ, ತೂಕ ಇಳಿದರೆ ಟೈಮಿಂಗ್ ಚೆನ್ನಾಗಾಗುತ್ತೆ ಅಂತ ಜಿಲ್ಲಾ ಕೂಟದಲ್ಲಿ ಒಬ್ಬರು ಹೇಳಿದರು ಮಿಸ್ ಅಂದಳು. ಮೊಣಕಾಲ ಕೆಳಗಿನ ಮೂಳೆಯಲ್ಲಿ ನೋವಿದೆ ಎಂಬುದೂ ಅಲ್ಲೇ ಹೊರಬಿತ್ತು. ಅದನ್ನು ನನಗೂ ಹೇಳಿರಲಿಲ್ಲ.

‘ಓಟದ ತಪ್ಪಲ್ಲ ಇದು, ಹಸಿವಿನದು’ ಅಂದರು ಡಾಕ್ಟರಮ್ಮ.

ಅವರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಮುಟ್ಟು ಶುರುವಾಗುವುದು ಗರ್ಭಕೋಶದಲ್ಲಲ್ಲ, ತಲೆಯಲ್ಲಿ. ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗ ಗಂಟೆ ಒಂದೂವರೆ ಗಂಟೆಗೊಮ್ಮೆ ಒಂದು ಹಾರ್ಮೋನನ್ನು ಬಿಟ್ಟು ಬಿಟ್ಟು ಕಳಿಸುತ್ತದೆ. ಅದರ ಮಾತು ಕೇಳಿ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನು ಕಳಿಸುತ್ತದೆ. ಅವು ಬಂದರೆ ಅಂಡಾಶಯದಲ್ಲಿ ಅಂಡ ಬೆಳೆಯುತ್ತದೆ, ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ತಯಾರಾಗುತ್ತದೆ. ಊಟ ಸಾಲದೆ ಹೋದಾಗ ತಲೆಯಿಂದ ಹೋಗುವ ಆ ಸಂದೇಶವೇ ನಿಧಾನವಾಗುತ್ತದೆ. ಮನೆಯಲ್ಲಿ ದುಡ್ಡು ಸಾಲದಾಗ ಮೊದಲು ಹಬ್ಬದ ಖರ್ಚು ನಿಲ್ಲಿಸುತ್ತೇವಲ್ಲ, ಹಾಗೆ. ಹೃದಯ, ಉಸಿರಾಟ ನಿಲ್ಲಿಸೋಕಾಗಲ್ಲ. ಮುಟ್ಟನ್ನು ನಿಲ್ಲಿಸಬಹುದು. ಮೈಯಲ್ಲಿನ ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ಮನೆಯಲ್ಲಿ ದಾಸ್ತಾನು ಎಷ್ಟಿದೆ ಎಂದು ಮೆದುಳಿಗೆ ತಿಳಿಸುತ್ತಿರುತ್ತದೆ. ಇದನ್ನು ಕಂಡುಹಿಡಿದದ್ದು 1994ರಲ್ಲಿ.

ಇದಕ್ಕೆ ತಿಂಗಳುಗಟ್ಟಲೆ ಉಪವಾಸ ಬೇಕಾಗಿಲ್ಲ. ಅಮೆರಿಕದ ಆನ್ ಲೌಕ್ಸ್ ಎಂಬ ವಿಜ್ಞಾನಿ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮುಟ್ಟು ಸರಿಯಾಗಿ ಆಗುತ್ತಿದ್ದ ಯುವತಿಯರಿಗೆ ಐದು ದಿನ ಅಳತೆ ಮಾಡಿ ಊಟ ಕೊಟ್ಟು, ವ್ಯಾಯಾಮ ಮಾಡಿಸಿದರು. ವ್ಯಾಯಾಮದ ಖರ್ಚು ಕಳೆದು, ಕೊಬ್ಬು ಬಿಟ್ಟು ಉಳಿದ ದೇಹದ ತೂಕಕ್ಕೆ ಕಿಲೋಗೆ ದಿನಕ್ಕೆ 30 ಕ್ಯಾಲೊರಿಗಿಂತ ಕಡಿಮೆ ಸಿಕ್ಕಾಗ ಎಲ್‌ಎಚ್ ಬರುವ ಲಯವೇ ಕೆಟ್ಟಿತು. ಐದೇ ದಿನ ಸಾಕಾಯಿತು.

ನಮ್ಮ ಹುಡುಗಿಯ ಲೆಕ್ಕ ಹಾಕಿ ನೋಡಿ. ತೂಕ 45 ಕಿಲೋ. ಕೊಬ್ಬು ಬಿಟ್ಟರೆ ಹೆಚ್ಚುಕಮ್ಮಿ 36 ಕಿಲೋ. 30ರಿಂದ ಗುಣಿಸಿದರೆ 1080 ಕ್ಯಾಲೊರಿ. ಎರಡು ಹೊತ್ತಿನ ಓಟಕ್ಕೆ ಸುಮಾರು 400. ಅಂದರೆ 1500ರ ಕೆಳಗೆ ಇಳಿದರೆ ಅಪಾಯ. ಅದು ನೆಮ್ಮದಿಯ ಅಳತೆಯಲ್ಲ, ಕೆಳಗಿನ ಗೆರೆ. ಕಿಲೋಗೆ 45 ಕ್ಯಾಲೊರಿ ಸಿಕ್ಕರೆ ಒಳ್ಳೆಯದು ಎನ್ನುತ್ತಾರೆ, ಆಗ ಓಟವೂ ಸೇರಿ 2000 ದಾಟುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯಲ್ಲಿ 16ರಿಂದ 18ರ ಹುಡುಗಿಗೆ ದಿನಕ್ಕೆ 2500 ಕ್ಯಾಲೊರಿ ಎಂದಿದೆ. ನಿಮ್ಮ ಪುರವಣಿಯ ಪಟ್ಟಿಯನ್ನು ನಾನು ಕೂಡಿ ನೋಡಿದೆ. 700 ಕೂಡ ಆಗುವುದಿಲ್ಲ.

ಮುಟ್ಟು ನಿಂತರೆ ತಾಪತ್ರಯ ಕಳೆಯಿತು ಅಂದುಕೊಳ್ಳುವ ಹುಡುಗಿಯರೂ ಇದ್ದಾರೆ. ಹಾಗಲ್ಲ. ಈಸ್ಟ್ರೊಜೆನ್ ಕಡಿಮೆಯಾದರೆ ಮೂಳೆ ಸವೆಯುತ್ತದೆ. ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ ಸವೆದರೆ ಓಟಗಾರ್ತಿಯರ ಕಾಲಿನಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ತೊಂದರೆಗೆ ಒಂದು ಹೆಸರು ಕೊಟ್ಟು ತರಬೇತುದಾರರನ್ನು ಎಚ್ಚರಿಸಿದೆ. ಹುಡುಗರನ್ನೂ ಇದು ಬಿಡುವುದಿಲ್ಲ. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬುವರು 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರಿಗೆ ಹೆಣ್ಣಿನ ಮೇಲಿನ ಆಸಕ್ತಿಯೇ ಹೋಯಿತು, ಹಗಲೂ ರಾತ್ರಿ ಊಟದ ಮಾತೇ ಆಯಿತು. ಅದೇ 1944–45ರ ಚಳಿಗಾಲದಲ್ಲಿ ನೆದರ್ಲೆಂಡ್ಸಿನ ಪಶ್ಚಿಮ ಭಾಗದಲ್ಲಿ ಯುದ್ಧದಿಂದ ಬರ ಬಂತು. ಒಂಬತ್ತು ತಿಂಗಳ ಮೇಲೆ ಅಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು.

ನಾವು ಓಟ ಬಿಡಿಸಲಿಲ್ಲ. ಡಾಕ್ಟರಮ್ಮ ಹೇಳಿದ ಹಾಗೆ ಕಾಲುನೋವು ಇಳಿಯುವವರೆಗೆ ಕಡಿಮೆ ಮಾಡಿಸಿದೆವು, ಊಟ ಜಾಸ್ತಿ ಮಾಡಿಸಿದೆವು. ಅಭ್ಯಾಸಕ್ಕೆ ಮೊದಲು ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ, ಕೊಬ್ಬರಿ ಚೂರು, ಬೆಲ್ಲ. ಮುಗಿದ ಕೂಡಲೇ ಹಾಲು ಹಾಕಿದ ರಾಗಿ ಗಂಜಿ, ಮೊಟ್ಟೆ. ರಾತ್ರಿ ಪೂರ್ತಿ ಮುದ್ದೆ, ಹುರುಳಿಕಾಳೋ ಅವರೆಕಾಳೋ ಹಾಕಿದ ಸಾರು, ಮಲಗುವಾಗ ಹಾಲು. ನಮ್ಮದು ತೆಂಗಿನ ಸೀಮೆ, ಕೊಬ್ಬರಿ ಕೊಡುವ ಮನಸ್ಸಿನವರು ಊರಲ್ಲೇ ಇದ್ದರು. ರಾಗಿ ಮನೆಯದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಅಕ್ಕಿಯಲ್ಲಿ ಹತ್ತಿರ ಹತ್ತಿರ ಏನೂ ಇಲ್ಲ. ಖರ್ಚು ಬಿದ್ದದ್ದು ಮೊಟ್ಟೆ, ಬಾಳೆಹಣ್ಣಿಗೆ ಮಾತ್ರ. ಹುಡುಗಿಯನ್ನು ಒಪ್ಪಿಸುವುದೇ ಕಷ್ಟವಾಯಿತು. ಪೂರ್ತಿ ಮುದ್ದೆ ನೋಡಿದರೆ ಅವಳಿಗೆ ಅಳು ಬರುತ್ತಿತ್ತು. ಯುಗಾದಿ ಕಳೆದ ಮೇಲೆ ಒಂದು ದಿನ ಬೆಲ್ಲು ಹೊಡೆಯುವ ಮೊದಲೇ ಓಡಿ ಬಂದು, ‘ಮಿಸ್, ಆಯ್ತು’ ಅಂದಳು. ಅಷ್ಟೇ ಹೇಳಿದ್ದು. ಮುಂದಿನ ವರ್ಷ ಪಿಯು ಕೂಟದಲ್ಲಿ ಅವಳ ಟೈಮಿಂಗ್ ಹಿಂದಿನದಕ್ಕಿಂತ ಚೆನ್ನಾಗಿತ್ತು.

ಈ ಹುಡುಗಿಯ ಕೈಗೆ ನಿಮ್ಮ ಪಟ್ಟಿ ಸಿಕ್ಕಿದ್ದರೆ ಏನಾಗುತ್ತಿತ್ತು? ‘ಮುಟ್ಟು ಸರಿಯಾಗಿ ಆಗ್ತಿಲ್ವಾ?’ ಎಂಬುದೇ ಅದರ ಮೊದಲ ಸಾಲು. ಅವಳೂ ಹೌದು ಎನ್ನುತ್ತಿದ್ದಳು.

ಇನ್ನೊಂದು ಕಡೆಯನ್ನೂ ಹೇಳಬೇಕು, ಯಾಕೆಂದರೆ ಆ ಪಟ್ಟಿ ಬರೆದವರ ಮನಸ್ಸಿನಲ್ಲಿ ಇದ್ದದ್ದು ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್), ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಶಯದ ಕೆಲಸ ಕೆಡುವ ತೊಂದರೆ ಇರಬೇಕು. ನಮ್ಮ ಕಡೆ ಪಿಸಿಓಡಿ ಅಂತಲೂ ಕರೆಯುತ್ತಾರೆ. ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 6ರಿಂದ 13 ಮಂದಿಗೆ ಇದು ಇರಬಹುದು, ಅವರಲ್ಲಿ 70 ಭಾಗದವರೆಗೆ ಗೊತ್ತೇ ಆಗಿರುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಸಹೋದ್ಯೋಗಿಯೊಬ್ಬರ ಮಗಳಿಗೆ ಇದೇ ಆಗಿತ್ತು. ಪಿಯುಸಿಗೆ ಬೆಂಗಳೂರಿನ ಹಾಸ್ಟೆಲ್ ಸೇರಿದ ಮೇಲೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೂತು ಓದು, ಬೇಕರಿ ಪಫ್ಫು, ಬನ್ನು, ನೂಡಲ್ಸು, ಸಕ್ಕರೆ ಸುರಿದ ಟೀ. ಮೂರು ತಿಂಗಳಿಗೊಮ್ಮೆ ಮುಟ್ಟು. ಗಲ್ಲದ ಮೇಲೆ ಕೂದಲು. ಕುತ್ತಿಗೆಯ ಹಿಂದೆ ಕಪ್ಪಾಗಿತ್ತು. ಕೊಳೆ ಅಂತ ತಿಳಿದು ತಾಯಿ ಕಡಲೆಹಿಟ್ಟು ಹಾಕಿ ತಿಕ್ಕಿದರು. ಆ ಕಪ್ಪು ತಿಕ್ಕಿದರೆ ಹೋಗುವುದಲ್ಲ, ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇರುವುದರ ಗುರುತು.

ಇಲ್ಲಿ ದಾರಿ ಬೇರೆ. ದೇಹ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಅದು ಅಂಡಾಶಯಕ್ಕೆ ಹೋಗಿ ಗಂಡು ಹಾರ್ಮೋನುಗಳನ್ನು ಜಾಸ್ತಿ ಮಾಡಿಸುತ್ತದೆ. ಆ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನು ಯಕೃತ್ತಿನಲ್ಲಿ ತಯಾರಾಗುತ್ತದೆ, ಅದನ್ನೂ ಇನ್ಸುಲಿನ್ ಕಡಿಮೆ ಮಾಡುತ್ತದೆ. ಹಾಗಾಗಿ ಅಂಡ ಪೂರ್ತಿ ಬೆಳೆದು ಹೊರಬರುವುದಿಲ್ಲ, ಮುಟ್ಟು ಮುಂದೆ ಹೋಗುತ್ತದೆ. ಮನೆತನದಲ್ಲೂ ಬರುತ್ತದೆ, ಸಣ್ಣಗಿರುವವರಿಗೂ ಬರುತ್ತದೆ. ಅವಳ ತಪ್ಪು ಅಂತ ಬೈಯುವುದರಲ್ಲಿ ಅರ್ಥವಿಲ್ಲ.

ಈ ಹುಡುಗಿಗೂ ಆ ಸೂಪಿನ ಪಟ್ಟಿ ಬೇಡ. ತೂಕ ಜಾಸ್ತಿ ಇರುವವರು ನೂರಕ್ಕೆ ಐದರಿಂದ ಹತ್ತು ಭಾಗ ಇಳಿಸಿದರೂ ಎಷ್ಟೋ ಜನಕ್ಕೆ ಮುಟ್ಟು ಸರಿಹೋಗುತ್ತದೆ. 70 ಕಿಲೋ ಇದ್ದರೆ ಮೂರೂವರೆಯಿಂದ ಏಳು ಕಿಲೋ, ಅದೂ ತಿಂಗಳುಗಳ ಮೇಲೆ. 2023ರಲ್ಲಿ ಬಂದ ಪಿಸಿಓಎಸ್ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿ, ಇದೇ ಊಟ ಮಿಕ್ಕೆಲ್ಲಕ್ಕಿಂತ ಮೇಲು ಅನ್ನೋದಕ್ಕೆ ಆಧಾರವಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ನಡೆಸಿಕೊಂಡು ಹೋಗಲು ಆಗುವಂಥ, ಹೊಟ್ಟೆ ತುಂಬುವ, ಸಮತೋಲನದ ಊಟ ಸಾಕು. ಆ ಮಗುವಿಗೆ ಸಹಾಯ ಮಾಡಿದ್ದೂ ಅದೇ: ಬೇಕರಿ ತಿಂಡಿ ಬಿಟ್ಟು ಬೆಳಿಗ್ಗೆ ಹೆಸರುಕಾಳಿನ ಉಸಲಿಯೋ ಮೊಟ್ಟೆಯೋ, ಮಧ್ಯಾಹ್ನ ಅನ್ನ ಕಡಿಮೆ ಮಾಡಿ ಸೊಪ್ಪು ಕಾಳು ಜಾಸ್ತಿ, ಟೀಗೆ ಸಕ್ಕರೆ ಬಂದ್, ಸಂಜೆ ಒಂದು ಗಂಟೆ ಷಟಲ್. ಜೊತೆಗೆ ಡಾಕ್ಟರು ಕೊಟ್ಟ ಮಾತ್ರೆ. ಮಾತ್ರೆ ಬೇಕಾದಲ್ಲಿ ಮಾತ್ರೆ ಬೇಕು, ಮೆಂತ್ಯದ ನೀರು ಅದರ ಜಾಗಕ್ಕೆ ಬರುವುದಿಲ್ಲ.

ಇದರ ಜೊತೆಗೆ ಒಂದು ಎಚ್ಚರಿಕೆ. ಮೈನೆರೆದ ಮೊದಲ ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ. ಮೈನೆರೆದು ಎಂಟು ವರ್ಷ ಆಗುವವರೆಗೆ ಸ್ಕ್ಯಾನ್ ನೋಡಿ ಪಿಸಿಓಎಸ್ ಎಂದು ತೀರ್ಮಾನ ಮಾಡಬಾರದು ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ, ಏಕೆಂದರೆ ಆ ವಯಸ್ಸಿನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಗುಳ್ಳೆಗಳು ಕಾಣುವುದು ಮಾಮೂಲು. ಆದರೂ ಹದಿನಾಲ್ಕರ ಹುಡುಗಿಯರು ಸ್ಕ್ಯಾನಿಂಗ್ ರಿಪೋರ್ಟಿನ ಕವರ್ ಹಿಡಿದುಕೊಂಡು, ನನಗೆ ಮಕ್ಕಳಾಗಲ್ವಂತೆ ಮಿಸ್ ಅಂತ ಅತ್ತದ್ದನ್ನು ನೋಡಿದ್ದೇನೆ. ಪಿಸಿಓಎಸ್ ಇದ್ದವರಿಗೂ ಮಕ್ಕಳಾಗುತ್ತವೆ. ಅದನ್ನು ಆ ಮಕ್ಕಳಿಗೆ ಯಾರಾದರೂ ಮೊದಲು ಹೇಳಬೇಕಲ್ವಾ?

ಪಿಂಕ್ ಸಾಲ್ಟಿನ ಬಗ್ಗೆ ಒಂದೇ ಮಾತು. ಥೈರಾಯ್ಡ್ ಹಾರ್ಮೋನು ತಯಾರಾಗಲು ಅಯೋಡಿನ್ ಬೇಕೇ ಬೇಕು. ಥೈರಾಯ್ಡ್ ಕೆಟ್ಟರೆ ಮುಟ್ಟೂ ಕೆಡುತ್ತದೆ, ಬಸುರಿಯಾದರೆ ಮಗುವಿನ ಮೆದುಳಿಗೂ ತೊಂದರೆ. ನಮ್ಮ ದೇಶದಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿ ಜನರಿಗೆ ತಲುಪಿಸುವ ಕೆಲಸ 1962ರಿಂದ ನಡೆದು ಬಂದಿದೆ. ಅದನ್ನು ಬಿಟ್ಟು ಅಯೋಡಿನ್ ಬೆರೆಸದ ದುಬಾರಿ ಉಪ್ಪು ತಿನ್ನಿ ಎಂದು ಹಾರ್ಮೋನಿನ ಹೆಸರಲ್ಲೇ ಹೇಳುವುದು ಸರಿಯಲ್ಲ.

ಬ್ರಾಯ್ಲರ್ ಕೋಳಿಯ ಮಾತೂ ಬರಲಿ, ಪೋಷಕರ ಸಭೆಯಲ್ಲಿ ಇದನ್ನು ಕೇಳದ ವರ್ಷವಿಲ್ಲ. ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರೆ, ಅದನ್ನು ತಿಂದೇ ಹುಡುಗಿಯರು ಬೇಗ ಮೈನೆರೆಯುತ್ತಾರೆ ಎಂದು ಎಷ್ಟೋ ತಾಯಂದಿರು ಕೋಳಿ, ಮೊಟ್ಟೆ ಎರಡೂ ನಿಲ್ಲಿಸಿಬಿಡುತ್ತಾರೆ. ಬ್ರಾಯ್ಲರ್ ಕೋಳಿ ಆರು ವಾರದೊಳಗೆ ಬೆಳೆಯುವುದು ದಶಕಗಳ ಕಾಲ ತಳಿ ಆರಿಸಿ ಆರಿಸಿ ಬೆಳೆಸಿದ್ದರಿಂದ ಮತ್ತು ಮೇವಿನಿಂದ. ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನು, ಮೇವಿನಲ್ಲಿ ಬೆರೆಸಿದರೆ ಕೋಳಿಯ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ. ಸಾವಿರಾರು ಕೋಳಿಗೆ ಒಂದೊಂದಾಗಿ ಮತ್ತೆ ಮತ್ತೆ ಚುಚ್ಚಲು ಯಾವ ಫಾರಂನವರಿಗೂ ಕಟ್ಟುವುದಿಲ್ಲ. ಆಂಟಿಬಯಾಟಿಕ್ ಕೊಡುವುದು ನಿಜವಾದ ಸಮಸ್ಯೆ, ಅದನ್ನು ಬೇರೆಯಾಗಿಯೇ ಮಾತಾಡಬೇಕು. ಹುಡುಗಿಯರು ಬೇಗ ಮೈನೆರೆಯುವುದಕ್ಕೆ ಮೈಯಲ್ಲಿ ಕೊಬ್ಬು ಬೇಗ ಸೇರುವುದು ಒಂದು ಗೊತ್ತಿರುವ ಕಾರಣ. ಮೊದಲು ನಿಲ್ಲಿಸಬೇಕಾದದ್ದು ಕುರುಕಲು ಪೊಟ್ಟಣ ಮತ್ತು ಬಾಟಲಿ ಜ್ಯೂಸು. ಮೊಟ್ಟೆಯಲ್ಲ.

ನಮ್ಮ ಹಳೆಯ ಪದ್ಧತಿಯಲ್ಲಿ ಒಂದು ಒಳ್ಳೆಯದಿತ್ತು. ಹುಡುಗಿ ಮೈನೆರೆದರೆ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ, ಮೆಂತ್ಯದ ಮುದ್ದೆ ಮಾಡಿ ನೆಂಟರಿಷ್ಟರೆಲ್ಲ ತಂದು ತಿನ್ನಿಸುತ್ತಿದ್ದರು. ಬೆಳೆಯುವ ಮೈಗೆ ಬೇಕಾದ ಶಕ್ತಿ, ಕ್ಯಾಲ್ಸಿಯಂ ಅದರಲ್ಲಿತ್ತು. ಆದರೆ ಆರತಿ ಮುಗಿದ ಮೇಲೆ ಅದೇ ಹುಡುಗಿ ಎಲ್ಲರ ಊಟ ಆದಮೇಲೆ ತಳದಲ್ಲಿ ಉಳಿದದ್ದನ್ನು ತಿನ್ನಬೇಕು. ಇದು ಈಗಲೂ ನಡೆಯುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇತ್ತು. ಅಂಥವರ ಮನೆಗೆ ನಿಮ್ಮ ಪತ್ರಿಕೆ ಹೋಗುತ್ತದೆ.

ನಾನು ಕೇಳುವುದು ಕೆಲವೇ ಸಂಗತಿ. ಆ ಪಟ್ಟಿಯ ಬಗ್ಗೆ ಮುಂದಿನ ಭಾನುವಾರ ಅದೇ ಪುಟದಲ್ಲಿ ತಿದ್ದುಪಡಿ ಹಾಕಿ. ಮೂರು ತಿಂಗಳು ಮುಟ್ಟು ನಿಂತವರು, ತೂಕ ಕಡಿಮೆ ಇರುವವರು, ಆಟ ಓಟದಲ್ಲಿರುವವರು, ಬಸುರಿಯರು, ಬಾಣಂತಿಯರು ಅದನ್ನು ಮಾಡಬಾರದು ಎಂದು ದಪ್ಪ ಅಕ್ಷರದಲ್ಲಿ ಹಾಕಿ. ಹದಿನೈದು ತುಂಬಿದರೂ ಮೈನೆರೆಯದಿದ್ದರೆ, ಮುಟ್ಟಿನ ನಡುವೆ 90 ದಿನ ದಾಟಿದರೆ ಡಾಕ್ಟರ ಹತ್ತಿರ ಹೋಗಬೇಕು ಎಂಬುದನ್ನೂ ಸೇರಿಸಿ. ಇನ್ನು ಮುಂದೆ ಊಟದ ಪಟ್ಟಿ ಅಚ್ಚು ಹಾಕುವಾಗ ಯಾರಿಗೆ, ಒಟ್ಟು ಎಷ್ಟು ಕ್ಯಾಲೊರಿ ಎಂದು ಪೌಷ್ಟಿಕ ತಜ್ಞರೊಬ್ಬರು ನೋಡಿ ಬರೆಯಲಿ.

ಶಿಕ್ಷಣ ಇಲಾಖೆಯವರೂ ಈ ಪತ್ರ ಓದಲಿ ಎಂದು ಆಸೆ. ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಹತ್ತನೇ ತರಗತಿಗೆ ಮುಗಿಯುತ್ತದೆ. ಊಟ ಹೆಚ್ಚು ಬೇಕಾದ ವಯಸ್ಸಿನಲ್ಲೇ ಪಿಯು ಹುಡುಗಿಯ ಮಧ್ಯಾಹ್ನದ ತಟ್ಟೆ ಇಲ್ಲವಾಗುತ್ತದೆ. ಮುಂಜಾನೆ ಬಸ್ಸು ಹಿಡಿದು ಬರುವ ಮಕ್ಕಳು ಅವರು. ಸರ್ಕಾರಿ ಪಿಯು ಕಾಲೇಜುಗಳಿಗೂ ಬಿಸಿಯೂಟ ಬರಲಿ. ಅದು ಆಗುವವರೆಗೆ ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾದ ಹುಡುಗಿಯರಿಗಾದರೂ ಅಭ್ಯಾಸದ ದಿನ ಬಾಳೆಹಣ್ಣು, ಮೊಟ್ಟೆ, ಹಾಲಿನ ವ್ಯವಸ್ಥೆ ಆಗಲಿ. ಕ್ರೀಡಾಕೂಟಕ್ಕೆ ಹೋಗುವ ಮೊದಲು ತುಂಬುವ ಆರೋಗ್ಯದ ಕಾರ್ಡಿನಲ್ಲಿ ಎತ್ತರ, ತೂಕದ ಪಕ್ಕದಲ್ಲಿ ‘ಕೊನೆಯ ಮುಟ್ಟು ಯಾವಾಗ’ ಎಂಬ ಒಂದು ಸಾಲು ಸೇರಿಸಿ, ಅದನ್ನು ಮಹಿಳಾ ಶಿಕ್ಷಕಿಯೊಬ್ಬರೇ ಗುಟ್ಟಾಗಿ ತುಂಬಿಸಲಿ. ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಬರಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬರುತ್ತದೆ, ಮಕ್ಕಳು ಕಿಟಕಿಯಿಂದ ಆಚೆ ಎಸೆಯುತ್ತಾರೆ. ಊಟ ಆದ ಮೇಲೆ, ಟೀ ಕಾಫಿ ಕುಡಿಯದ ಹೊತ್ತಲ್ಲಿ, ಶಿಕ್ಷಕರ ಎದುರಿಗೇ ನುಂಗಿಸಲಿ.

ಹಳ್ಳಿಯ ಶಾಲೆಗಳಲ್ಲಿ ಈಗ ಕೆಲಸ ಮಾಡುತ್ತಿರುವ ದೈಹಿಕ ಶಿಕ್ಷಣ ಶಿಕ್ಷಕರಿಗೆ ನನ್ನ ವಿನಂತಿ: ಯಾವ ಹುಡುಗಿಗೂ ತೂಕ ಇಳಿಸು ಎಂದು ಮೈದಾನದಲ್ಲಿ ಹೇಳಬೇಡಿ. ಮುಟ್ಟು ನಿಂತಿದೆ ಎಂದು ತಾಯಿ ಬಂದರೆ ಓಟ ಬಿಡಿಸುವ ಮೊದಲು ಡಾಕ್ಟರಿಗೆ ತೋರಿಸಿ, ಅವಳು ಏನು ತಿನ್ನುತ್ತಿದ್ದಾಳೆ ಎಂದು ಒಂದು ಚೀಟಿಯಲ್ಲಿ ಬರೆಸಿ ಜೊತೆಗೆ ಕಳಿಸಿ.

ಇಂತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ,
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ